ಕೊಡದ ದೇವರಿಗೆ ಡಂಗುರ

ನನ್ನ ದನಿಯ ಸಂಗತಿ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಅದು ಹಾಡುವ ದನಿಯಲ್ಲ. ಟಿ.ಬಿ. ಡ್ಯಾಮಿನ ಮೀನನ್ನು ಬುಟ್ಟಿಯಲ್ಲಿ ಹೊತ್ತು ಹೊಸಪೇಟೆಯ ಓಣಿ ಓಣಿ ತಿರುಗಿ ಮಾರುವವಳು ನಾನು. ಒಂದು ಸಲ ‘ಮೀನೋ’ ಎಂದರೆ ಮಾಳಿಗೆಯ ಮೇಲೆ ಮಲಗಿದ ಬೆಕ್ಕು ಎದ್ದು ಕೂರುತ್ತದೆ. ಭಾನುವಾರ ಸಭೆಯಲ್ಲಿ ಹಾಡಲು ಬಾಯಿ ತೆರೆದರೆ ಪಕ್ಕದ ಹೆಂಗಸರು ಮೊಣಕೈಯಿಂದ ತಿವಿಯುತ್ತಿದ್ದರು. "ಯಮನಮ್ಮಕ್ಕಾ, ನೀ ಮನಸಿನ್ಯಾಗ ಹಾಡು, ಕರ್ತಗ ಕೇಳಸ್ತೈತಿ" ಎನ್ನುತ್ತಿದ್ದರು. ದೀಕ್ಷಾಸ್ನಾನದ ದಿನ ನನಗೆ ಶಾಂತಮ್ಮ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೆ ನನ್ನ ಜೊತೆ ಬಾಳುವೆ ಆಗಲಿಲ್ಲ, ನೀರಿನಲ್ಲೇ ಉಳಿದುಹೋಯಿತು.

ಮನೆಯಲ್ಲಿ ಹಾಡುವವನು ನನ್ನ ಗಂಡ ಪಂಪೇಶ. ಸಂಡೂರಿನ ಗಣಿಯಿಂದ ಅದಿರು ತರುವ ಟಿಪ್ಪರ್ ಓಡಿಸುತ್ತಿದ್ದ. ವಾರವೆಲ್ಲ ರೆಪ್ಪೆಯ ಕೂದಲಿಗೂ ಕೆಂಪು ಧೂಳು, ಭಾನುವಾರ ಮಾತ್ರ ಬಿಳಿ ಅಂಗಿ. ತಗಡಿನ ಛಾವಣಿಯ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಮೊದಲ ಸಾಲು ಎತ್ತುವವನು ಅವನೇ. ಅವನು ಎತ್ತದೆ ಯಾರೂ ಹಾಡುತ್ತಿರಲಿಲ್ಲ. ಅವನ ದನಿಗೆ ಮರುಳಾಗಿಯೇ ನಾನು ಅವನನ್ನು ಮದುವೆಯಾದದ್ದು, ಇದರಲ್ಲಿ ನಾಚಿಕೆ ಏನು ಬಂತು.

ಆ ಗಂಟಲಿಗೇ ಗಡ್ಡೆ ಬಂತು. ಗುಟ್ಕಾ ಮುಟ್ಟದ, ಬೀಡಿ ಸೇದದ ಗಂಟಲು! ಡಾಕ್ಟರು ಧ್ವನಿಪೆಟ್ಟಿಗೆ ಉಳಿಯಬಹುದು, ಉಳಿಯದೆಯೂ ಇರಬಹುದು, ಕೊಯ್ದ ಮೇಲೇ ತಿಳಿಯುವುದು ಎಂದರು. ಮರುಭಾನುವಾರ ಪಾಸ್ಟರ್ ಬಸವರಾಜ್ ಪಂಪೇಶನನ್ನು ಮುಂದೆ ಕರೆದು, ಗಂಟಲ ಮೇಲೆ ಕೈ ಇಟ್ಟು, ಎಲ್ಲರೆದುರು ಹೇಳಿದರು: "ಈ ದನಿ ಹೋಗಂಗಿಲ್ಲ. ಕರ್ತನು ನನ್ನ ಕೂಡ ಮಾತಾಡ್ಯಾನ."

ಪಾಸ್ಟರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಜ್ವರವೆಂದರೂ ಬೈಕು ಹತ್ತಿ ಬರುವವರು. ದೇವರ ಪರವಾಗಿ ಮಾತು ಕೊಡುವುದರಲ್ಲಿ ಮಾತ್ರ ಸ್ವಲ್ಪ ಅವಸರ. ನಮ್ಮ ಸಭೆಯಲ್ಲಿ ಒಂದು ರೂಢಿ ಇದೆ, ಮುಂಗಡ ಸ್ತೋತ್ರ ಎನ್ನುತ್ತೇವೆ. ಬೇಡಿಕೊಂಡದ್ದು ಸಿಕ್ಕೇಬಿಟ್ಟಿತು ಎಂದು ನಂಬಿ, ಸಿಗುವ ಮೊದಲೇ ಕೃತಜ್ಞತಾ ಕೂಟದ ದಿನ ಗೊತ್ತುಮಾಡುವುದು. ಗಂಡು ಸಿಗುವ ಮುಂಚೆ ಮದುವೆಗೆ ಕೂಟ, ಕೆಲಸ ಸಿಗುವ ಮುಂಚೆ ಕೆಲಸಕ್ಕೆ ಕೂಟ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ಊರವರು ನಗುತ್ತಾರೆ. ನಾವು ಮಾತ್ರ ಹೊಲಿಸುತ್ತಲೇ ಇರುತ್ತೇವೆ. ಪಂಪೇಶನ ಕೂಟಕ್ಕೂ ದಿನ ಗೊತ್ತಾಯಿತು. ಅವನು ಆಸ್ಪತ್ರೆಯಿಂದ ಬಂದು ಚೇತರಿಸಿಕೊಂಡ ಮೇಲೆ, ನಮ್ಮ ಮನೆಯ ಅಂಗಳದಲ್ಲಿ, ಅನ್ನ ಮತ್ತು ಮೀನು ಸಾರು. ಮೊದಲ ಹಾಡು ಪಂಪೇಶನದು. ಮೀನು ಮಾರುತ್ತಾ ನಾನೇ ಓಣಿಗೆಲ್ಲ ಹೇಳಿಕೊಂಡು ಬಂದೆ. ಸಭೆಯವರಿಗಷ್ಟೇ ಅಲ್ಲ, ನನ್ನ ಹತ್ತಿರ ಮೀನು ಕೊಳ್ಳುವ ಎಲ್ಲರಿಗೂ.

ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು.

ವಾರ್ಡಿನಲ್ಲಿ ನನ್ನನ್ನು ನೋಡಿದ ಕೂಡಲೇ ಪಂಪೇಶ ಬಾಯಿ ತೆರೆದ. ‘ಯಮನಾ’ ಎಂದು ತುಟಿ ಆಡಿತು. ದನಿ ಬರಲಿಲ್ಲ. ಕುತ್ತಿಗೆಯ ಬುಡದಲ್ಲಿ ಹೊಸದಾಗಿ ಮಾಡಿದ್ದ ತೂತಿನಿಂದ ಗಾಳಿ ಬುಸ್ಸೆಂದು ಬಂತು, ಅಷ್ಟೇ. ಇನ್ನು ಮೇಲೆ ಉಸಿರಾಟವೆಲ್ಲ ಅಲ್ಲಿಂದಲೇ ಎಂದು ನರ್ಸಮ್ಮ ಹೇಳಿದಳು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಊರಲ್ಲಿ ಕುಡಿಯುವ, ಬೈಯುವ, ಸುಳ್ಳು ಸಾಕ್ಷಿ ಹೇಳುವ ಗಂಟಲುಗಳೆಲ್ಲ ನೆಟ್ಟಗಿವೆ. ನಿನ್ನ ಹೆಸರು ಹಾಡುವ ಗಂಟಲೇ ಬೇಕಾಗಿತ್ತೇ ನಿನಗೆ? ಅಲ್ಲೇ ನಿಂತು ದೇವರಿಗೆ ಹೇಳಿದೆ: "ಇನ್ನ ಮ್ಯಾಲೆ ನನ್ನ ಬಾಯಿಂದ ನಿನಗ ಸ್ತೋತ್ರ ಇಲ್ಲ. ಬೇಕಂದ್ರ ಅವನ ಬಾಯಿ ಅವನಿಗೆ ಕೊಡು."

ನಮ್ಮವರಲ್ಲಿ ಸ್ತೋತ್ರ ಹೇಳದೆ ಒಂದು ದಿನ ಕಳೆಯುವುದೂ ಕಷ್ಟ. ಎದುರಾದರೆ ಸ್ತೋತ್ರ, ಫೋನ್ ಎತ್ತಿದರೆ ಸ್ತೋತ್ರ, ಊಟವಾಯಿತೇ ಎಂದು ಕೇಳಿದರೂ ಸ್ತೋತ್ರ. ಆಸ್ಪತ್ರೆಯಿಂದ ಡ್ಯಾಮಿನ ನಮ್ಮ ಮನೆಗೆ ಹಿಂತಿರುಗಿದ ಮೇಲೆ ಎಲ್ಲರೂ "ಸ್ತೋತ್ರ ಅಕ್ಕಾ" ಎಂದರೆ ನಾನು "ಹೂಂ" ಎನ್ನುತ್ತಿದ್ದೆ. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಎಂದು ಬಿಟ್ಟೆ.

ಕೂಟದ ದಿನ ಹತ್ತಿರ ಬಂತು. ಅಷ್ಟು ದಿನ ಮುಖ ತೋರಿಸದಿದ್ದ ಪಾಸ್ಟರು ಒಂದು ಸಂಜೆ ಬಂದರು. ಮಂಚದ ಅಂಚಿನಲ್ಲಿ ಕುಳಿತು, ಪಂಪೇಶನ ಕುತ್ತಿಗೆಗೆ ಇಳಿಬಿಟ್ಟಿದ್ದ ಬಟ್ಟೆಯನ್ನು ನೋಡಿ, ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವಾದದ್ದೇ. ಆಮೇಲೆ ಮೆಲ್ಲಗೆ ಹೇಳಿದರು: "ಯಮನಮ್ಮ, ಕೂಟ ಸ್ವಲ್ಪ ಮುಂದಕ್ಕ ಹಾಕೋಣೇನು? ಈಗ ಮಾಡಿದ್ರ ಮಂದಿ ನಗ್ತಾರ. ದೇವರ ಹೆಸರಿಗೆ ಅವಮಾನ ಆಗ್ತೈತಿ."

ನಿಜ ಹೇಳಬೇಕೆಂದರೆ ನನಗೂ ಆ ಕೂಟ ಬೇಡವಾಗಿತ್ತು. ನಿಲ್ಲಿಸಿಬಿಡಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟಣ್ ಎಂದು ಸದ್ದಾಯಿತು. ಪಂಪೇಶ ನನ್ನನ್ನು ಕರೆಯಬೇಕಾದರೆ ಸ್ಟೀಲ್ ಲೋಟವನ್ನು ಮಂಚದ ಕಾಲಿಗೆ ಬಡಿಯುವುದನ್ನು ರೂಢಿ ಮಾಡಿಕೊಂಡಿದ್ದ. ಈ ಸಲ ಬಡಿದದ್ದು ಜೋರಾಗಿತ್ತು. ತುಟಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: ಮಾಡಬೇಕು.

"ಪಂಪೇಶ, ಯಾರು ಹಾಡ್ತಾರಪ್ಪ?" ಎಂದರು ಪಾಸ್ಟರು.

ಅವನು ತನ್ನ ಎದೆ ಮುಟ್ಟಿಕೊಂಡ.

ಪಾಸ್ಟರು ತಲೆ ತಗ್ಗಿಸಿದರು. "ದೇವರ ಮರ್ಯಾದಿ..." ಎಂದು ಮತ್ತೆ ಶುರುಮಾಡಿದರು. ನನಗೆ ತಡೆಯಲಾಗಲಿಲ್ಲ. "ದೇವರ ಮರ್ಯಾದಿ ದೇವರು ಕಾಯ್ಕೊಂತಾನ್ರಿ. ನೀವು ಕಾಯಾಕ ಬಂದಿದ್ದು ನಿಮ್ಮ ಮರ್ಯಾದಿನ. ದನಿ ಹೋಗಂಗಿಲ್ಲ ಅಂತ ಹೇಳಿದವರು ನೀವು. ಹೋಗೈತಿ. ಹೋಗೈತಿ ಅಂತಾನೂ ನಿಂತು ಹೇಳ್ರಿ. ನನ್ನ ಗಂಡ ಕೂಟ ಬೇಕಂತಾನ, ನಾ ಸಾರು ಮಾಡ್ತೀನಿ. ಮಂದಿ ನಕ್ರ ನಗಲಿ, ಮೀನಾದ್ರೂ ತಿಂದು ನಗಲಿ" ಎಂದೆ. ಪಾಸ್ಟರು ಪ್ರಾರ್ಥನೆಯನ್ನೂ ಮಾಡದೆ ಎದ್ದು ಹೋದರು.

ನಾನು ಒಪ್ಪಿದ್ದು ಗಂಡನಿಗಾಗಿ. ದೇವರಿಗೂ ನನಗೂ ಮಾತು ಬಿಟ್ಟಿತ್ತು.

ಆಮೇಲೆ ಲೋಟದ ಬಡಿತ ಹೆಚ್ಚಾಯಿತು. ಕರೆಯಲೆಂದು ಬಡಿಯುವುದು ಬೇರೆ, ಇದು ಬೇರೆ. ಕುಳಿತಲ್ಲಿ, ಉಂಡ ತಟ್ಟೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಯಾವುದೋ ಒಂದು ಲಯ ಹುಡುಕುವವನಂತೆ ಬಡಿಯುತ್ತಿದ್ದ. ಕೂಟಕ್ಕೆ ಇನ್ನೇನು ಎರಡು ಮೂರು ದಿನವಿದೆ ಎನ್ನುವಾಗ ಗಾದಿಗನೂರಿಗೆ ಹೋಗಿ, ದುಪ್ಪಟಿಯಲ್ಲಿ ಸುತ್ತಿದ ಒಂದು ದುಂಡನೆಯ ವಸ್ತು ಹಿಡಿದುಕೊಂಡು ಬಂದ. ಅಲ್ಲಿರುವ ಅವನ ದೊಡ್ಡಪ್ಪನ ಮಗ ಅಂಜಿನಯ್ಯ ಮದುವೆಗೆ, ಹೆಣಕ್ಕೆ, ದೇವಿಯ ಹಬ್ಬಕ್ಕೆ ಬಾರಿಸುವವನು. ದುಪ್ಪಟಿ ಬಿಚ್ಚಿದರೆ ಚರ್ಮದ ಹಲಗೆ.

ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದ ನನ್ನ ಮಾವ ಗಾದಿಲಿಂಗಪ್ಪ ಅದನ್ನು ನೋಡಿದ. ಹಾವು ಕಂಡವನಂತೆ ಎದ್ದು ನಿಂತ.

ಈ ಮುದುಕನ ಸಂಗತಿ ಹೇಳಬೇಕು. ಕಂಪ್ಲಿಯ ಆಚೆಗಿನ ಒಂದು ಊರಲ್ಲಿ, ವಯಸ್ಸಿನಲ್ಲಿದ್ದಾಗ, ಅವನದು ಡಂಗುರ ಸಾರುವ ಕೆಲಸ. ಗೌಡ ಹೇಳಿದ್ದನ್ನು ಊರಿಗೆಲ್ಲ ಕೂಗಿ ಹೇಳುವುದು. ಬಾರಿಸಬೇಕು, ನಿಲ್ಲಿಸಬೇಕು, ಸಾರಬೇಕು, ಮುಂದಿನ ಓಣಿಗೆ ನಡೆಯಬೇಕು. ಹೆಣಕ್ಕೆ ಬಾರಿಸುವುದೂ ಅವನೇ, ದೇವಿಗೆ ಬಾರಿಸುವುದೂ ಅವನೇ, ಅದಕ್ಕೆ ಇಲ್ಲ ಎನ್ನುವ ಹಕ್ಕು ಇರಲಿಲ್ಲ. ಒಂದು ದಿನ ಗೌಡನ ಆಳು ಬಂದು ಹೊಸ ಡಂಗುರ ಹೇಳಿಕೊಟ್ಟ: ಕೆಳಗಿನ ಕೇರಿಯವರು ಊರ ಮುಂದಿನ ಬೋರಿಗೆ ಕೊಡ ತರಕೂಡದು, ಅವರಿಗೆ ಯಾರೂ ಕೆಲಸ ಕೊಡಕೂಡದು. ಕೆಳಗಿನ ಕೇರಿ ಎಂದರೆ ಮಾವನದೇ ಕೇರಿ. ತನ್ನ ಮನೆಗೆ ನೀರಿಲ್ಲ ಎಂಬುದನ್ನು ತಾನೇ ಹಲಗೆ ಬಾರಿಸಿ, ತನ್ನ ಬಾಯಿಂದಲೇ ಸಾರಿದ. ಕಡೆಯ ಓಣಿ ಮುಗಿದ ಮೇಲೆ ನೆಟ್ಟಗೆ ಹೊಳೆಗೆ ನಡೆದು ಹಲಗೆಯನ್ನು ತುಂಗಭದ್ರೆಗೆ ಎಸೆದ. ಹೆಂಡತಿಯನ್ನೂ ಸಣ್ಣ ಪಂಪೇಶನನ್ನೂ ಕರೆದುಕೊಂಡು ಡ್ಯಾಮಿಗೆ ಬಂದ, ಕಾಲುವೆ ಕೆಲಸ ಹಿಡಿದ, ಸಭೆಗೆ ಸೇರಿದ. ಆವತ್ತಿನಿಂದ ಮದುವೆಯ ಮೆರವಣಿಗೆ ಎದುರಾದರೂ ರಸ್ತೆ ಬದಲಿಸುವವನು.

"ಎಲ್ಲಿಂದ ತಂದಿಲೇ ಅದನ್ನ?" ಎಂದ. "ಅದನ್ನ ಬಿಟ್ಟ ಮ್ಯಾಲೆ ನಾವು ಮನುಷ್ಯಾರಾಗಿದ್ದು. ತಿರುಗಿ ಅದನ್ನ ಕೊರಳಿಗೆ ಹಾಕ್ಕೊಂತಿ?"

ಪಂಪೇಶ ತುಟಿಯಾಡಿಸಿದ. ಮಾವನ ಕಣ್ಣು ಮಂದ, ಓದಲಾಗಲಿಲ್ಲ. ನಾನೇ ನಡುವೆ ನಿಂತು ಹೇಳಿದೆ: "ಕೂಟದಾಗ ಬಾರಸ್ತೀನಿ ಅಂತಾನ ಮಾವ. ಹಾಡಾಕ ಆಗಂಗಿಲ್ಲ, ಇದರಲೇ ಸ್ತುತಿ ಮಾಡ್ತೀನಿ ಅಂತಾನ."

"ಇದರಾಗ ಸ್ತುತಿ ಇಲ್ಲ! ಹೆಣದ ಏಟೈತಿ, ದೇವಿ ಏಟೈತಿ, ಗೌಡನ ಡಂಗುರ ಐತಿ. ನಮ್ಮದು ಅನ್ನೋದು ಒಂದು ಏಟೂ ಇಲ್ಲ. ಕೂಟದ ದಿನ ಅದು ಈ ಮನ್ಯಾಗಿದ್ರ ನಾ ಇರಂಗಿಲ್ಲ. ಹೋದ್ರ ಆ ಊರಿಗೇ ಹೋಗ್ತೀನಿ."

ಆಗ ಪಂಪೇಶ ಒಂದು ಕೆಲಸ ಮಾಡಿದ. ಅಪ್ಪನ ಮುಂದೆ ಕುಳಿತು ಕುತ್ತಿಗೆಯ ಬಟ್ಟೆಯನ್ನು ಮೇಲೆತ್ತಿದ. ಆಸ್ಪತ್ರೆಯಿಂದ ಬಂದಂದಿನಿಂದ ಆ ತೂತನ್ನು ಮಾವ ಒಮ್ಮೆಯೂ ನೋಡಿರಲಿಲ್ಲ, ಮಗ ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದ. ಈಗಲೂ ಗೋಡೆಗೆ ತಿರುಗಿದ. ಪಂಪೇಶ ಬಟ್ಟೆ ಇಳಿಬಿಟ್ಟು ಹಲಗೆಯನ್ನು ಮಂಚದ ಕೆಳಗೆ ಇಟ್ಟ. ವಾಪಸ್ಸು ಕೊಡಲಿಲ್ಲ.

ನನಗೆ ಯಾರ ಪರ ನಿಲ್ಲಬೇಕು ಎಂದು ತಿಳಿಯಲಿಲ್ಲ. ಮುದುಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಗಂಡ ಕೇಳಿದ್ದೂ ಹೆಚ್ಚಲ್ಲ. ಹಲಗೆ ಬಾರಿಸಿದರೆ ಅಪ್ಪನನ್ನು ಕಳೆದುಕೊಳ್ಳುತ್ತಾನೆ, ಬಾರಿಸದಿದ್ದರೆ ಮೂಲೆಯಲ್ಲಿ ಲೋಟ ಬಡಿಯುತ್ತಾ ಕೂರುತ್ತಾನೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಕೂಟದ ದಿನ ಮಧ್ಯಾಹ್ನ ಅಂಗಳದಲ್ಲಿ ಶಾಮಿಯಾನ ಎದ್ದಿತು. ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಜನ ಬಂದರು. ನಗಲು ಬಂದವರು ಎಷ್ಟೋ, ಮರುಗಲು ಬಂದವರು ಎಷ್ಟೋ, ಉಣ್ಣಲು ಬಂದವರಂತೂ ಎಲ್ಲರೂ. ಮಾವ ಬಟ್ಟೆಯ ಗಂಟು ಕಟ್ಟಿಕೊಂಡು ಗೇಟಿನ ಹೊರಗೆ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕುಳಿತಿದ್ದ. "ಮಾವ, ಒಳಗ ಬರ್ರಿ, ಕುಂದ್ರಿ" ಎಂದೆ. "ಕಂಪ್ಲಿ ಬಸ್ ಬರ್ಲಿ" ಎಂದ. ಒಂದು ಕಂಪ್ಲಿ ಬಸ್ಸು ಆಗಲೇ ಅವನ ಮುಂದೆಯೇ ಹೋಗಿತ್ತು. ಅದನ್ನು ನಾನು ಎತ್ತಿ ಆಡಲಿಲ್ಲ.

ಪಾಸ್ಟರು ಎದ್ದು ನಿಂತರು. ಮುಖ ಬಿಳಿಚಿತ್ತು. "ಪಂಪೇಶನ ದನಿ ಹೋಗಂಗಿಲ್ಲ ಅಂತ ನಾ ಹೇಳಿದ್ದೆ" ಎಂದರು. "ಹೋಗೈತಿ. ನಾ ಹೇಳಿದ್ದು ತಪ್ಪು. ದೇವರು ತಪ್ಪಲ್ಲ, ನಾ ತಪ್ಪು." ಅಷ್ಟು ಹೇಳಿ ಕುಳಿತರು. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಪೂರ್ತಿ ಗೌರವ ಬಂದದ್ದು ಆವತ್ತೇ.

ಆಮೇಲೆ ಹಾಡು. ಯಾರೂ ಎತ್ತಲಿಲ್ಲ. ಯಾವತ್ತೂ ಎತ್ತುತ್ತಿದ್ದವನು ಪಂಪೇಶ, ಅವನ ಜಾಗದಲ್ಲಿ ಇನ್ನೊಬ್ಬರು ಎತ್ತುವುದು ಸತ್ತವನ ಚಪ್ಪಲಿ ಮೆಟ್ಟಿದಂತೆ ಎನಿಸಿರಬೇಕು. ಪಂಪೇಶ ಒಳಗೆ ಹೋಗಿ ಹಲಗೆ ತಂದ. ಜನ ಗುಜುಗುಜು ಎಂದರು. "ಅಯ್ಯೋ, ದೇವಿದು ಅದು" ಎಂದಳು ಹಿಂದಿನ ಸಾಲಿನಲ್ಲಿದ್ದ ಬಸಕ್ಕ. ಪಾಸ್ಟರು ಬೇಡವೆನ್ನಲು ಅರ್ಧ ಎದ್ದವರು, ನನ್ನ ಮುಖ ನೋಡಿ ಹಾಗೇ ಕುಳಿತರು.

ಅವನು ಬಾರಿಸಿದ. ಬಾರಿಸಿದ ಎಂದರೆ ಹಲಗೆಗೇ ಬೇಜಾರಾದೀತು. ಬಾಲ್ಯದಲ್ಲಿ ಅಪ್ಪ ಬಾರಿಸುವುದನ್ನು ನೋಡಿದ ನೆನಪು ಬಿಟ್ಟರೆ ಅವನಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಚರ್ಮ ಕಾಯಿಸಿರಲಿಲ್ಲ, ಸದ್ದು ನೆನೆದ ಗೋಣಿಚೀಲ ಬಡಿದಂತೆ ಬಂತು. ಕೋಲು ಜಾರಿತು. ಯಾರೋ ಕಿಸಕ್ಕೆಂದರು. ಪಂಪೇಶ ನಿಲ್ಲಿಸಲಿಲ್ಲ. ಕುತ್ತಿಗೆಯ ಬಟ್ಟೆ ಉಸಿರಿಗೆ ಎದ್ದೆದ್ದು ಬೀಳುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಬಡಿಯುತ್ತಲೇ ಇದ್ದ. ಓಡಿಹೋಗಿ ಆ ಕೋಲು ಕಸಿದು ಒಲೆಗೆ ಹಾಕಬೇಕೆನಿಸಿತು ನನಗೆ.

"ಹಂಗಲ್ಲಲೇ!"

ಗೇಟಿನಲ್ಲಿ ಮಾವ ನಿಂತಿದ್ದ. ಗಂಟು ಕಲ್ಲಿನ ಮೇಲೆಯೇ ಇತ್ತು. ನೆಟ್ಟಗೆ ಶಾಮಿಯಾನದೊಳಗೆ ಬಂದು ಮಗನ ಕೈಯಿಂದ ಹಲಗೆ ಕಿತ್ತುಕೊಂಡ. ಹರಿದು ಹಾಕುತ್ತಾನೆ ಎಂದೇ ನಾವೆಲ್ಲ ತಿಳಿದೆವು. ಅವನು ಒಲೆಯ ಕಡೆ ನಡೆದ. ಪಾತ್ರೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಚರ್ಮವನ್ನು ಬೆಂಕಿಗೆ ಹಿಡಿದ, ತಿರುಗಿಸಿದ, ಬೆರಳಲ್ಲಿ ತಟ್ಟಿ ಕಿವಿಗೊಟ್ಟ, ಮತ್ತೆ ಹಿಡಿದ. ಆಮೇಲೆ ಮಗನತ್ತ ತಿರುಗಿ, ಕುತ್ತಿಗೆಯ ಬಟ್ಟೆಯನ್ನು ತಾನೇ ಎತ್ತಿ, ಆ ತೂತನ್ನು ನೋಡಿದ. ಬಹಳ ಹೊತ್ತು ನೋಡಿದ. ಬಟ್ಟೆಯನ್ನು ನೇರ್ಪು ಮಾಡಿ ಇಳಿಬಿಟ್ಟ.

ಎದ್ದು ನಿಂತು ಹಲಗೆಯನ್ನು ಹೆಗಲಿಗೆ ಏರಿಸಿದ. ಒಂದು ಕೈಗೆ ಸಣ್ಣ ಕಡ್ಡಿ, ಇನ್ನೊಂದಕ್ಕೆ ದಪ್ಪ ಕೋಲು. ಮೊದಲ ಏಟು ಬಿತ್ತು. ಹೆಣದ ಏಟಲ್ಲ, ದೇವಿಯ ಏಟಲ್ಲ. ಬಂದು ಕೇಳಿರಿ ಎಂದು ಊರನ್ನು ಕರೆಯುವ ಏಟು. ಆಚೆ ಮನೆಯ ಬಾಗಿಲುಗಳು ತೆರೆದವು. ಮಾವ ಬಾರಿಸಿ, ಥಟ್ಟನೆ ನಿಲ್ಲಿಸಿದ.

ಡಂಗುರದಲ್ಲಿ ಈ ನಿಲುಗಡೆಯಲ್ಲೇ ಸಾರಬೇಕು. ಮಾವನ ಬಾಯಿ ಬಿಗಿದಿತ್ತು. ಆ ಜಾಗದಲ್ಲಿ ಅವನು ಕಡೆಯ ಸಲ ಕೂಗಿದ್ದು ತನ್ನ ಕೇರಿಗೆ ನೀರಿಲ್ಲ ಎಂದು. ಪಂಪೇಶ ಬಾಯಿ ತೆರೆದ. ತುಟಿ ಆಡಿತು. ಗಾಳಿ ಬುಸ್ಸೆಂದಿತು.

ಮಾವ ಮತ್ತೆ ಬಾರಿಸಿದ. ಮತ್ತೆ ನಿಲ್ಲಿಸಿದ. ಪಂಪೇಶ ಮತ್ತೆ ಬಾಯಿ ತೆರೆದ. ಅದೇ ಗಾಳಿ. ಅವನು ಏನು ಹೇಳುತ್ತಿದ್ದಾನೆಂದು ನನಗೆ ಮಾತ್ರ ಕಾಣುತ್ತಿತ್ತು. ಒಂದೇ ಮಾತು, ನಾನು ಬಿಟ್ಟ ಮಾತು.

ನನ್ನ ಸಿಟ್ಟು ಹೋಗಿತ್ತು ಎಂದು ಯಾರೂ ತಿಳಿಯಬೇಡಿ. ಇತ್ತು, ಈಗಲೂ ಇದೆ. ಆದರೆ ಆ ಖಾಲಿ ನಿಲುಗಡೆಯನ್ನು ಆ ಗಡ್ಡೆಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ದನಿ ತಿಂದದ್ದು ಸಾಲದೆ ಸ್ತೋತ್ರವನ್ನೂ ತಿನ್ನುತ್ತದೆಯೇ? ಮಾವ ಮೂರನೆಯ ಸಲ ಬಾರಿಸಿ ನಿಲ್ಲಿಸಿದಾಗ, ಸಾರಿನ ಸೌಟು ಹಿಡಿದೇ ನಾನು ನಡುವೆ ಬಂದು ನಿಂತೆ. ಮನಸ್ಸಿನಲ್ಲಿ ಹಾಡು ಎಂದವರೆಲ್ಲ ಅಲ್ಲೇ ಇದ್ದರು. ಮೀನು ಮಾರುವ ದನಿಯನ್ನು ಪೂರ್ತಿ ತೆರೆದೆ.

"ಕೇಳ್ರಪ್ಪೋ ಕೇಳ್ರಿ! ನನ್ನ ಗಂಡನ ದನಿ ಉಳಸು ಅಂತ ದೇವರನ್ನ ಬೇಡಿದ್ವಿ! ಉಳಸಲಿಲ್ಲ! ಯಾಕ ಅಂತ ಕೇಳಿದ್ವಿ, ಹೇಳಲಿಲ್ಲ! ಆದ್ರೂ ನಮ್ಮ ದೇವರು ಅವನೇ! ಕೊಟ್ರೂ ಸ್ತೋತ್ರ! ಕೊಡದಿದ್ರೂ ಸ್ತೋತ್ರ! ಈ ಮನ್ಯಾಗಿಂದ ಸ್ತೋತ್ರ ಕಸಗೊಳ್ಳಾಕ ಯಾ ರೋಗದ ಕೈಲೂ ಆಗಂಗಿಲ್ಲ! ಕೇಳ್ರಪ್ಪೋ!"

ಮೊದಲು ಪಾಸ್ಟರು "ಸ್ತೋತ್ರ" ಎಂದರು, ಹಿಂದೆ ಕುಳಿತಿದ್ದ ಬಸಕ್ಕ ಎಂದಳು, ಎಲ್ಲರೂ ಎಂದರು. ಪಂಪೇಶ ನನ್ನ ಕೈಯಿಂದ ಸೌಟು ತೆಗೆದುಕೊಂಡು ಪಾತ್ರೆಯ ಅಂಚಿಗೆ ಟಣ್ ಎಂದು ಬಡಿದ. ಅವನು ನಗುತ್ತಿದ್ದ. ಗಡ್ಡೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಇನ್ನು ಊಟಕ್ಕೆ ಬಡಿಸೋಣ ಎಂದು ನಾನು ತಿರುಗಿದೆ. ಮಾವ ಹಲಗೆ ಇಳಿಸಿರಲಿಲ್ಲ.

"ಎಲ್ಲಿ ಹೊಂಟಿ?" ಎಂದ.

"ಬಡಸಾಕ."

"ಡಂಗುರ ಒಂದೇ ಕಡೆ ನಿಂತು ಸಾರಂಗಿಲ್ಲ" ಎಂದ ಮಾವ. "ಈ ಸಲ ಗೌಡಂದಲ್ಲ, ನಮ್ಮದು. ನಡಿ, ಮುಂದಿನ ಓಣಿಗೆ."

ಅವನು ಗೇಟು ದಾಟಿದ. ಕಲ್ಲಿನ ಮೇಲಿದ್ದ ಗಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ಸೌಟು ಹಿಡಿದ ಪಂಪೇಶ, ಅವನ ಹಿಂದೆ ಸೆರಗು ಸಿಕ್ಕಿಸಿಕೊಂಡ ನಾನು. ಓಣಿಯ ಮೂಲೆಯಲ್ಲಿ ಮಾವ ಬಾರಿಸಿದ, ನಿಲ್ಲಿಸಿದ, ನನ್ನತ್ತ ನೋಡಿದ. ದಿನಾ ಮೀನು ಕೂಗುವ ಓಣಿ ಅದು. ನಾನು ಕೂಗಿದೆ.